ತಲೆಕೆಳಗಾಗಿ ಓದಿದ ಬೆಲ್ಟು

ಯಂತ್ರಗಳ ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ಒಳಗಣ್ಣು ಇದೆ ಎಂದು ನಾನು ನಂಬಿದ್ದ ಕಾಲವದು. ಮುನವಳ್ಳಿಯಲ್ಲಿ ಮನೆಗೆ ಹೊಂದಿಕೊಂಡೇ ನಮ್ಮ ಹಿಟ್ಟಿನ ಗಿರಣಿ ಇತ್ತು. ಅದನ್ನು ನಡೆಸುತ್ತಿದ್ದವಳು ಹೆಂಡತಿ ಗಿರಿಜಾ; ಮಾಲೀಕನೆಂದು ಹೇಳಿಕೊಳ್ಳುತ್ತಿದ್ದವನು ನಾನು.

ಪಕ್ಕದ ಮನೆಯ ಮಹಬೂಬಿ ಚಾಚಿ ಮಗಳ ಮದುವೆಗೆಂದು ಗೋಧಿ ತಂದಿಟ್ಟ ಬೆಳಿಗ್ಗೆಯೇ ಗಿರಣಿಯ ಬೆಲ್ಟು ಪಟ್ಟೆಂದು ಹರಿಯಿತು. ಮದುವೆ ಮರುದಿನ!

“ಚಿಂತಿ ಮಾಡಬ್ಯಾಡ್ರಿ ಚಾಚಿ, ಬೈಲಹೊಂಗಲಕ್ಕ ಹೋಗಿ ಬೆಲ್ಟ್ ತರತೇನಿ,” ಎಂದು ಅಭಯವಿತ್ತೆ.

“ಹರದ ಬೆಲ್ಟ್ ಕೊಳ್ಳಾಗ ಹಾಕ್ಕೊಂಡ ಹೋಗ್ರಿ. ತೋರಿಸಿ ತರಾಕ ಬರತೈತಿ,” ಎಂದಳು ಗಿರಿಜಾ.

“ನಾ ಏನ್ ಸತ್ಕಾರಕ್ಕ ಹೊಂಟೇನೇನ, ಹಾರ ಹಾಕ್ಕೊಳ್ಳಾಕ? ಅದರ ಮ್ಯಾಲ ಅಳತಿ ನಂಬರ್ ಐತಿ. 89. ಸಾಕು!”

ಅಂಗಡಿಯವರೂ “ಹಳೇ ಬೆಲ್ಟ್ ತಂದೀರೇನ್ರಿ?” ಎಂದು ಕೇಳಿದರು. ನಾನು ಗಂಭೀರವಾಗಿ ನನ್ನ ತಲೆ ಮುಟ್ಟಿ ತೋರಿಸಿದೆ.

ಮನೆಗೆ ಬಂದು ಹಾಕಿದರೆ ಬೆಲ್ಟು ಜೋಕಾಲಿಯ ಹಾಗೆ ಜೋತುಬಿತ್ತು. ತಪ್ಪು ಬೆಲ್ಟಿನದಲ್ಲ, ಮೋಟರ್ ಕೂತ ಜಾಗದ್ದು ಎಂಬ ಘನ ತೀರ್ಮಾನಕ್ಕೆ ಬಂದೆ. ಮೋಟರು ಹಿಂದೆ ಸರಿದರೆ ಬೆಲ್ಟು ತಾನೇ ಬಿಗಿಯಾಗುತ್ತದೆ! ಬೋಲ್ಟು ಬಿಚ್ಚಿ ಸರಿಸಿದೆ. ಗೋಡೆ ಅಡ್ಡ ಬಂತು. ಗೋಡೆಗೇನು, ಹಾರೆ ಇದೆಯಲ್ಲ! ಮೋಟರಿಗೆ ಬೇಕಾದಷ್ಟೇ ಒಂದು ಗೂಡು ಕೊರೆಯಲು ಹೊರಟೆ. ಗೋಡೆ ಅಷ್ಟಕ್ಕೇ ನಿಲ್ಲಲಿಲ್ಲ. ಆಚೆ ಬದಿಗೆ ಕುಸಿಯಿತು.

ಆಚೆ ನಮ್ಮ ಅಡುಗೆಮನೆ. ಇಟ್ಟಿಗೆ ನೇರ ಸಾರಿನ ಪಾತ್ರೆಗೆ! ಧೂಳು ಇಳಿದ ಮೇಲೆ ಕಿಂಡಿಯಲ್ಲಿ ಗಿರಿಜಾಳ ಮುಖ ಕಾಣಿಸಿತು.

“ಇನ್ನ ಮ್ಯಾಲ ಊಟಾ ಇಲ್ಲಿಂದನ ಕೊಡ್ಲೇನ್ರಿ?”

ಆಮೇಲೆ ಈಚೆ ಬಂದು ಹರಿದ ಬೆಲ್ಟನ್ನು ಎತ್ತಿಕೊಂಡಳು. ಒಮ್ಮೆ ತಿರುಗಿಸಿ ನನ್ನ ಮೂಗಿನ ಮುಂದೆ ಹಿಡಿದಳು. “ತಲಿಕೆಳಗ ಓದೀರಿ. ಇದು 68 ಐತಿ!”

ಅಷ್ಟರಲ್ಲಿ ಸಂಜೆಯಾಗಿತ್ತು. ಮತ್ತೆ ಬೈಲಹೊಂಗಲಕ್ಕೆ ಹೋಗಿ ಬರುವ ಹೊತ್ತಲ್ಲ. ಚಾಚಿ ಬಂದವರು ಗೋಡೆ ನೋಡಿದರು, ಧೂಳಿನಲ್ಲಿ ಮಿಂದ ನನ್ನನ್ನೂ ನೋಡಿದರು. ಬೈಯಬಹುದಿತ್ತು. ಬೈಯಲಿಲ್ಲ.

“ಮೊದಲ ಒಂದೀಟ ಚಾ ಕುಡಿ ತಮ್ಮಾ. ಗ್ವಾಡಿ ನಾಳೆ ಕಟ್ಟಿದರಾತು,” ಎಂದರು. ಆ ಮಾತಿಗೆ ನನಗೆ ಇನ್ನಷ್ಟು ನಾಚಿಕೆಯಾಯಿತು.

ಉಳಿದದ್ದು ಒಂದೇ ದಾರಿ: ಪೇಟೆಯ ಆ ತುದಿಯಲ್ಲಿದ್ದ ಬಸಪ್ಪನ ಗಿರಣಿ. ಅದರ ಹಿಟ್ಟಿನಲ್ಲಿ ಉಸುಕು ಬರುತ್ತದೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದವನು ನಾನೇ! ಈಗ ಅದೇ ಊರೆಲ್ಲ ನೋಡುವಂತೆ ಚಾಚಿಯ ಗೋಧಿಯನ್ನು ಕೈಗಾಡಿಯಲ್ಲಿ ನೂಕಿಕೊಂಡು ಹೋದೆ. ಬಸಪ್ಪ ಒಂದು ಮಾತನ್ನೂ ಕೇಳದೆ ಬೀಸಿಕೊಟ್ಟ.

ಮರುದಿನ ಮದುವೆಯ ಪಂಕ್ತಿಯಲ್ಲಿ ಅವನ ಪಕ್ಕದಲ್ಲೇ ನನಗೆ ಜಾಗ ಸಿಕ್ಕಿತು. ಎದುರಿಗೆ ಕೂತ ಹಿರಿಯರೊಬ್ಬರು ಪೂರಿ ಮುರಿಯುತ್ತ, “ಹಿಟ್ಟ ಭಾಳ ನುಣ್ಣಗ ಬೀಸೀರಿ ನೋಡ್ರಿ,” ಎಂದು ನನ್ನನ್ನು ಹೊಗಳಿದರು.

ಉತ್ತರ ಕೊಡುವುದು ತಪ್ಪಲೆಂದು ಇಡೀ ಪೂರಿಯನ್ನೇ ಬಾಯಿಗೆ ತುರುಕಿಕೊಂಡೆ.

“ಹೌದ್ರಿ,” ಎಂದ ಬಸಪ್ಪ ನಗುತ್ತ, “ಬೀಸಿದ್ದು ಅವರ ರೀ. ನಮ್ಮ ಗಿರಣ್ಯಾಗ!”

ಪೂರಿ ಗಂಟಲಲ್ಲಿ ಸಿಕ್ಕಿಕೊಂಡಿತು. ಬೆನ್ನು ತಟ್ಟಿ ನೀರು ಕುಡಿಸಿದವನೂ ಬಸಪ್ಪನೇ.