ಅಮ್ಮನನ್ನು ಕೊಲಂಬೊ ವಿಮಾನ ಹತ್ತಿಸಿದ್ದು

ಸರ್ಕಾರದ ಮೇಜಿನ ಎದುರು ನನ್ನ ಅಮ್ಮನನ್ನು ನಿಲ್ಲಿಸಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತಿತ್ತು. ರೇಷನ್ ಅಂಗಡಿಯಲ್ಲಿ ಆಗಿದೆ, ತಾಲೂಕು ಕಚೇರಿಯಲ್ಲಿ ಆಗಿದೆ. ಆದರೆ ಅರವತ್ತರ ದಶಕದಲ್ಲಿ ಅವಳನ್ನು ಕರೆದುಕೊಂಡು ಪರದೇಶಕ್ಕೆ ಹೊರಟಾಗ ಆದಷ್ಟು ಎಲ್ಲಿಯೂ ಆಗಲಿಲ್ಲ.

ಹೊರಟದ್ದು ಮೋಜಿಗಲ್ಲ. ಕೊಲಂಬೊದಲ್ಲಿದ್ದ ತಂಗಿ ಚೊಚ್ಚಲ ಬಸುರಿ. ಹೆರಿಗೆಗೆ ಪುತ್ತೂರಿಗೆ ಬರಬೇಕಾದವಳು; ಪ್ರಯಾಣ ಕೂಡದೆಂದು ಡಾಕ್ಟರು ತಡೆದರು. ನಮ್ಮದು ಅಳಿಯಸಂತಾನದ ಮನೆ. ಮಗಳು ಹೆತ್ತ ಮಗು ತಾಯಿಯ ಮನೆತನಕ್ಕೇ ಸೇರಿದ್ದು. "ನಮ್ಮ ಮನೆಯ ಮಗು ನಮ್ಮವರು ಯಾರೂ ಹತ್ತಿರ ಇಲ್ಲದೆ ಹುಟ್ಟುದಾ?" ಎಂದು ಅಮ್ಮ ಹಟ ಹಿಡಿದಳು. ಭಾವ ಎರಡು ಟಿಕೆಟ್ ಕಳಿಸಿದ. ದಿನ ತುಂಬುತ್ತಾ ಬಂದಿತ್ತು. ಆ ವಿಮಾನ ತಪ್ಪಿದರೆ ಹೆರಿಗೆಯೂ ತಪ್ಪಿದಂತೆ. ಅವಳನ್ನು ಒಬ್ಬಳೇ ಕಳಿಸುವಂತಿಲ್ಲ. ಜೊತೆಗೆ ನಾನು. ಐದನೇ ಕ್ಲಾಸು ದಾಟದೆ, ಹಳೆಯ ಪೇಪರು ಓದಿ ಕಾನೂನು ಕಲಿತು, ಕೂಲಿಯವರ ಪರ ಕೂಗಾಡಿ ಎರಡು ಸಲ ಲಾಕಪ್ಪು ಕಂಡ ಮನುಷ್ಯ.

೧. ಊಟಕ್ಕೆ ಬಂದವರು

ಪಾಸ್‌ಪೋರ್ಟ್ ಕೊಡುವ ಮೊದಲು ವಿಚಾರಣೆಗೆಂದು ಪೊಲೀಸಿನವ ಮನೆಗೆ ಬಂದ. ಘಟ್ಟದ ಮೇಲಿನವ, ಈ ಸೀಮೆಗೆ ಹೊಸಬ.

"ಈ ಮನೆಯನ್ನು ನೋಡಿಕೊಳ್ಳುವವರು ಯಾರಮ್ಮ?"

"ನನ್ನ ಅಣ್ಣ."

"ಗಂಡ ಇಲ್ಲವಾ?"

"ಇಲ್ಲದೆ ಎಂತ? ಉಂಟು. ಜಾಲ್ಸೂರಿನಲ್ಲಿ, ಅವರ ಅಕ್ಕನ ಮನೆಯಲ್ಲಿ."

ಪೊಲೀಸಿನವ ಪೆನ್ಸಿಲು ನಿಲ್ಲಿಸಿ, ದನಿ ತಗ್ಗಿಸಿ ಕೇಳಿದ: "ಜಗಳವಾ?"

"ಜಗಳ ಎಂತಕ್ಕೆ ಮಾರಾಯ್ರೆ? ಅವರು ಅವರ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ. ಜಗಳ ಆಡಲಿಕ್ಕೆ ಒಟ್ಟಿಗೆ ಇರಬೇಕಲ್ಲ?"

ಗಂಡ ತನ್ನ ತಾಯಿಮನೆಯಲ್ಲೇ ಇದ್ದು ಹೆಂಡತಿಯ ಮನೆಗೆ ಬಂದು ಹೋಗುವ ನಮ್ಮ ಕಟ್ಟಳೆಯನ್ನು ನಾನು ಅರ್ಧ ಗಂಟೆ ವಿವರಿಸಿದೆ. ಅವನಿಗೆ ಹತ್ತಲಿಲ್ಲ. ಆಚೆ ಜಗಲಿಯಲ್ಲಿ ವೀಳ್ಯದೆಲೆ ಮಡಚುತ್ತ ಕೂತಿದ್ದವರನ್ನು ತೋರಿಸಿ, "ನೀವು ಯಾರು?" ಎಂದ. ಅವರೇ ನನ್ನ ಅಪ್ಪ. ಖಾಕಿ ಕಂಡರೆ ಅವರಿಗೆ ಹೆದರಿಕೆ.

"ನಾನು ಊಟಕ್ಕೆ ಬಂದದ್ದು," ಎಂದರು.

ಪೊಲೀಸಿನವ ಬರೆದುಕೊಂಡ ಸಾಲನ್ನು ನಾನು ಬಗ್ಗಿ ಓದಿದೆ: "ಗಂಡನ ಪತ್ತೆಯಿಲ್ಲ. ಮನೆಗೆ ಅಪರಿಚಿತರು ಬಂದರೂ ಊಟ ಹಾಕುತ್ತಾರೆ. ಒಳ್ಳೆಯ ಜನ."

೨. ನಮ್ಮ ಆಳು

ಮಂಗಳೂರಿನಿಂದ ಮದ್ರಾಸಿನವರೆಗೆ ರೈಲಿನಲ್ಲಿ ನಾನು ಅಮ್ಮನಿಗೆ ಮಾಡಿದ್ದು ಒಂದೇ ಪಾಠ. ನಮ್ಮ ಜನ ಕುರ್ಚಿ ಕಂಡರೆ ಬೆನ್ನು ಬಗ್ಗಿಸುತ್ತಾರೆ. ಆ ಚಾಳಿ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. "ಕೈ ಮುಗಿಯಬೇಡ. ಧಣಿ ಎನ್ನಬೇಡ. ನಾವು ಕೊಟ್ಟ ತೆರಿಗೆಯಲ್ಲಿ ಅವರಿಗೆ ಸಂಬಳ. ಅವರು ನಮ್ಮ ಆಳುಗಳು." ಅಮ್ಮ ಪ್ರತಿ ಸ್ಟೇಷನ್ನಿನಲ್ಲೂ ತಲೆಯಾಡಿಸಿದಳು.

ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್ ಮೇಜಿಗೆ ಬಂದೆವು. ಅಧಿಕಾರಿ ಮಲಯಾಳಿ. ಅಮ್ಮ ಕೆಲಸ ಮಾಡಿದ ಗೇರುಬೀಜದ ಕಾರ್ಖಾನೆಯಲ್ಲಿ ಕಾಸರಗೋಡಿನ ಹೆಂಗಸರು ತುಂಬ ಇದ್ದರು, ಅವರಿಂದ ಅವಳಿಗೆ ಮಲಯಾಳ ಚೆನ್ನಾಗಿ ಬರುತ್ತಿತ್ತು. ನಾನು ಕಷ್ಟಪಟ್ಟು ಕಲಿತ ಇಂಗ್ಲಿಷನ್ನು ಯಾರೂ ಕೇಳಲಿಲ್ಲ.

ಅಧಿಕಾರಿ ಮುಖ ಎತ್ತದೆ ಕೈ ಚಾಚಿದ. ಅಮ್ಮ ಪಾಸ್‌ಪೋರ್ಟ್ ಕೊಡಲಿಲ್ಲ. ನೆಟ್ಟಗೆ ನಿಂತು, ಅವನ ಮುಖವನ್ನೇ ನೋಡಿ ಹೇಳಿದಳು: "ನೀನು ನಮ್ಮ ಆಳಂತೆ. ನನ್ನ ಮಗ ಹೇಳಿದ."

ನನ್ನ ಎದೆ ಒಮ್ಮೆ ಉಬ್ಬಿತು, ಮರುಕ್ಷಣ ಕುಸಿಯಿತು. ಅವನ ಮುಖ ಕೆಂಪಾಗಿತ್ತು.

ಅಮ್ಮ ನಿಲ್ಲಿಸಲಿಲ್ಲ. "ಹಾಗಾದರೆ ಕೇಳುದು ನನ್ನ ಧರ್ಮ. ಬೆಳಗಿನಿಂದ ಕೂತಿದ್ದಿಯಲ್ಲ, ಗಂಜಿ ಆಯ್ತಾ ಮಗಾ?"

ಆಗಿರಲಿಲ್ಲವಂತೆ. ತಂಗಿಗೆಂದು ಕಟ್ಟಿಕೊಂಡಿದ್ದ ಅವಲಕ್ಕಿಯ ಗಂಟು ಸಡಿಲವಾಯಿತು. ಸರ್ಕಾರವು ಅಮ್ಮನ ಅವಲಕ್ಕಿ ತಿಂದಿತು. ನಾನು ಹಸಿದೇ ನಿಂತಿದ್ದೆ.

೩. ಗೆರೆಯಿಲ್ಲದ ಹೆಬ್ಬೆಟ್ಟು

ತಿಂದು ಕೈ ಒರೆಸಿಕೊಂಡ ಅಧಿಕಾರಿ ಕಾಯಿದೆಗೆ ಮರಳಿದ. ಅಮ್ಮನಿಗೆ ಸಹಿ ಬಾರದು. ಪಾಸ್‌ಪೋರ್ಟಿನಲ್ಲಿದ್ದ ಹೆಬ್ಬೆಟ್ಟಿಗೆ ತಾಳೆ ನೋಡಲು ಒಂದು ಕಾರ್ಡಿನ ಮೇಲೆ ಒತ್ತಿಸಿದ. ಬಿದ್ದದ್ದು ಬರೀ ಮಸಿಯ ಮಚ್ಚೆ. ಇನ್ನೊಮ್ಮೆ ಒತ್ತಿಸಿದ. ಮತ್ತೆ ಮಚ್ಚೆ.

"ಅಮ್ಮಾ, ಗೆರೆಗಳೆಲ್ಲಿ?"

"ಕಾರ್ಖಾನೆಯಲ್ಲಿ ಬಿಟ್ಟು ಬಂದೆ. ಬೇಕಾದರೆ ಅವರನ್ನು ಕೇಳು."

ನಿಜವೇ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ತಾಗಿ ಅವಳ ಬೆರಳಿನ ತೊಗಲು ಸುಟ್ಟು ನುಣ್ಣಗಾಗಿತ್ತು. ಇದನ್ನು ನಾನು ಸುಮ್ಮನೆ ಕೇಳಿಕೊಂಡಿರುವುದು ಹೇಗೆ? ಅಲ್ಲೇ ಶುರು ಮಾಡಿದೆ. ಕೈಗೆ ಹಚ್ಚಿಕೊಳ್ಳಲು ಒಂದು ತೊಟ್ಟು ಒಳ್ಳೆ ಎಣ್ಣೆಯನ್ನೂ ಕೊಡದ ಮಾಲಕರು, ಕಣ್ಣು ಮುಚ್ಚಿದ ಇನ್‌ಸ್ಪೆಕ್ಟರುಗಳು, ಹೆಣ್ಣಾಳಿನ ಬೆರಳು ತಿಂದು ಬೆಳೆದ ಬಂಗಲೆಗಳು! ಸಾಲು ನಿಂತೇ ಇತ್ತು. ಹೇಳಿದ ಒಂದು ಮಾತನ್ನೂ ನಾನು ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ.

ಹಿಂದೆ ನಿಂತಿದ್ದ ಮಂಗಳೂರಿನವರೊಬ್ಬರು ನನ್ನ ಹೆಗಲು ತಟ್ಟಿದರು. "ನೀವು ಹೇಳುದು ಸರಿ ಉಂಟು ಮಾರಾಯ್ರೆ. ಉಳಿದದ್ದನ್ನು ವಿಮಾನದಲ್ಲಿ ಹೇಳಿ. ಅಲ್ಲಿ ಯಾರೂ ಎದ್ದು ಹೋಗುವ ಹಾಗಿಲ್ಲ."

೪. ಐನೂರು ಜನ

ಮಚ್ಚೆಗೆ ಮಚ್ಚೆ ತಾಳೆಯಾಯಿತೆಂದು ಅಮ್ಮನ ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ಸಿಕ್ಕಿಬಿದ್ದದ್ದು ನಾನು. ಅಧಿಕಾರಿ ನನ್ನ ಹೆಸರು ನೋಡಿದ, ಒಂದು ಪಟ್ಟಿ ತೆಗೆದ, ಒಂದು ಸಾಲಿನ ಮೇಲೆ ಬೆರಳಿಟ್ಟ.

"ಕಡಬದಲ್ಲಿ ಐನೂರು ಜನ ಸೇರಿಸಿ ಸರ್ಕಾರದ ವಿರುದ್ಧ ಕೆರಳಿಸಿದವರು ನೀವೇ?"

ಹೊರಗೆ ವಿಮಾನ ಹತ್ತುವವರನ್ನು ಕರೆಯುತ್ತಿದ್ದರು. ಆದರೂ ಹೇಳುತ್ತೇನೆ, ಸರ್ಕಾರದ ಕಾಗದದಲ್ಲಿ ಐನೂರು ಎಂದು ಬರೆದದ್ದು ಕೇಳಿ ಒಳಗೊಳಗೇ ಹಿಗ್ಗಿದೆ. "ಹೌದು, ನಾನೇ," ಎಂದೆ.

"ಹಾಗಾದರೆ ನಿಮ್ಮನ್ನು ಬಿಡಲು ಸಾಧ್ಯವಿಲ್ಲ. ಅಲ್ಲಿ ಹೋಗಿಯೂ ಐನೂರು ಜನ ಸೇರಿಸಿದರೆ ನನ್ನ ಕುತ್ತಿಗೆಗೆ ಬರುತ್ತದೆ."

ಅಮ್ಮ ನಮ್ಮಿಬ್ಬರ ನಡುವೆ ನುಗ್ಗಿದಳು.

"ಯಾವ ಐನೂರು? ಆ ಸಭೆಗೆ ನಾನೂ ಹೋಗಿದ್ದೆ. ಇದ್ದದ್ದು ಮೂರು ಜನ. ಒಬ್ಬಳು ನಾನು. ಉಳಿದಿಬ್ಬರು ನಿಮ್ಮ ಪೊಲೀಸರು, ಬರೆದುಕೊಳ್ಳಲಿಕ್ಕೆ ಬಂದವರು. ಅದರಲ್ಲಿ ಒಬ್ಬ ನಿದ್ದೆ ಮಾಡಿದ."

"ಇಲ್ಲಿ ಐನೂರು ಎಂದಿದೆಯಲ್ಲ?"

"ಅದು ನಾನೇ ಹೇಳಿದ್ದು ಮಗಾ. ಎಚ್ಚರ ಇದ್ದ ಪೊಲೀಸಿನವ, 'ಎಂತ ಬರೆಯುದಮ್ಮಾ, ಮೇಲಿನವರು ಬಯ್ತಾರೆ,' ಅಂತ ಅಳುಮೋರೆ ಮಾಡಿದ. ಪಾಪ ಅನ್ನಿಸಿತು. ಐನೂರು ಅಂತ ಹಾಕು, ನಿನಗೂ ಬಡ್ತಿ ಸಿಗ್ತದೆ, ಇವನಿಗೂ ಸಂತೋಷ ಆಗ್ತದೆ ಅಂದೆ."

ಅಧಿಕಾರಿ ಪಟ್ಟಿ ಮಡಚಿ ನನ್ನ ಕಡೆ ತಿರುಗಿದ. "ನೀವೇ ಹೇಳಿ. ಐನೂರಾ, ಮೂರಾ?"

ಲಾಠಿಗೆ ಬಗ್ಗದವ ನಾನು. ಲಾಕಪ್ಪಿನಲ್ಲಿ ತಪ್ಪೊಪ್ಪಿಗೆ ಬರೆಯೆಂದಾಗ ಕಾಗದ ಹರಿದವ. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕೊಲಂಬೊದಲ್ಲಿ ತಂಗಿ ದಾರಿ ಕಾಯುತ್ತಿದ್ದಳು.

"ಮೂರು," ಎಂದೆ.

ಮುದ್ರೆ ಬಿತ್ತು. ಹೆರಿಗೆಗೆ ನಾಲ್ಕು ದಿನ ಮೊದಲೇ ನಾವು ತಂಗಿಯ ಮನೆ ಸೇರಿದೆವು. ನಮ್ಮ ಮನೆಯ ಹೆಣ್ಣುಮಗು ಅಮ್ಮನ ಕೈಗೇ ಹುಟ್ಟಿತು. ಆದರೆ ಅಂದು ವಿಮಾನದ ಮೆಟ್ಟಿಲು ಹತ್ತುವವರೆಗೂ ನಾನು ಅಮ್ಮನ ಜೊತೆ ಮಾತಾಡಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಅವಳೇ ಮನಸ್ಸು ಕರಗಿ ನನ್ನ ತೋಳು ಹಿಡಿದಳು.

"ಬೇಜಾರು ಮಾಡಬೇಡ ಮಗಾ. ನಿಜಕ್ಕಾದರೆ ನಾಲ್ಕು ಜನ ಇದ್ದರು. ಒಬ್ಬ ಬಸ್ಸು ಕಾಯುತ್ತಿದ್ದ, ಅವನನ್ನು ನಾನು ಸೇರಿಸಲಿಲ್ಲ."