ಕಿವಿ ಬಂದ ಬೋರ್ಡು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ದವಡೆ ಹಲ್ಲು. ಅದು ಭೂಗೋಳದ ಮೇಷ್ಟ್ರ ಹಲ್ಲೇ ಆಗಿದ್ದರೆ ಅವರು ಇಷ್ಟು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನನ್ನ ಹಲ್ಲು, ನನ್ನ ಹಣೆಬರಹ ಎಂದು ಸುಮ್ಮನಿರುತ್ತಿದ್ದರು. ನೋವು ಬಂದದ್ದು ಕಂಪ್ಯೂಟರ್ ಟೀಚರಿಗೆ. ಶಾಲೆಯ ತಪಾಸಣೆಗೆ ಸಾಹೇಬರು ಬರುವ ದಿನವೇ ಬೆಳಿಗ್ಗೆ ಎಂಟು ಗಂಟೆಗೆ ಅವರು ಫೋನು ಮಾಡಿ, "ಬಾಯಿ ತೆಗೆಯೋಕೇ ಆಗ್ತಿಲ್ಲ ಮೇಡಂ" ಎಂಬುದನ್ನು ಹೆಡ್‌ಮಿಸ್ಸಿಗೆ ಹತ್ತು ನಿಮಿಷ ವಿವರಿಸಿ ರಜೆ ಹಾಕಿದರು.

ಫೋನಿಟ್ಟ ಹೆಡ್‌ಮಿಸ್ ಸ್ಟಾಫ್ ರೂಮಿಗೆ ಬಂದರು. ಅವರ ಮುಖ ನೋಡಿದ ಕೂಡಲೇ ಡ್ರಿಲ್ ಮಾಸ್ಟರು ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದರು. ಇಬ್ಬರು ಟೀಚರುಗಳು ಒಂದೇ ಕಪಾಟಿನೊಳಗೆ ತಲೆ ತೂರಿಸಿದರು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಪೆನ್ನಿನ ಕ್ಯಾಪು ಹುಡುಕುತ್ತಾ ತಲೆಯೆತ್ತಿದವರು ಭೂಗೋಳದ ಮೇಷ್ಟ್ರೊಬ್ಬರೇ.

"ಮೇಷ್ಟ್ರೇ, ಸಾಹೇಬರು ಬರ್ತಿರೋದೇ ಆ ಸ್ಮಾರ್ಟ್ ಬೋರ್ಡ್ ನೋಡೋಕೆ. ಬಂದು ಮೂರು ತಿಂಗಳಾಯ್ತು. ನಾವು ಬಳಸ್ತಿಲ್ಲ ಅಂತ ಗೊತ್ತಾದ್ರೆ ಬಿಚ್ಕೊಂಡು ಬೇರೆ ಶಾಲೆಗೆ ಕೊಟ್ಬಿಡ್ತಾರೆ. ಮೂರನೇ ಪೀರಿಯಡ್ಡು ಅದರ ಮೇಲೆ ನೀವೇ ಪಾಠ ಮಾಡ್ಬೇಕು."

"ನಾನಾ? ಮೇಡಂ, ನಮ್ಮನೇಲಿ ಟೀವಿ ರಿಮೋಟನ್ನೂ ನನ್ನ ಕೈಗೆ ಕೊಡಲ್ಲ!"

"ಇದೊಂದು ಸಲ. ಚೆನ್ನಾಗಾಯ್ತು ಅಂದ್ರೆ ನೀವು ರಿಟೈರ್ ಆಗೋವರೆಗೂ ಅದರ ಹತ್ತಿರ ಕರೆಯಲ್ಲ. ನಿಮ್ಮ ಕರೀ ಹಲಗೆ, ನಿಮ್ಮ ಸೀಮೆಸುಣ್ಣ, ನಿಮ್ಮ ಪಾಡು. ಕೆಟ್ಟಿತೋ, ಹದಿನೈದು ದಿನದ ಕಂಪ್ಯೂಟರ್ ತರಬೇತಿಗೆ ಮೊದಲನೇ ಹೆಸರು ನಿಮ್ಮದು. ಕೊನೇಲಿ ಪರೀಕ್ಷೆ ಬೇರೆ ಇದೆಯಂತೆ."

ಮೂವತ್ತೊಂದು ವರ್ಷದಿಂದ ಊರ ಮಕ್ಕಳಿಗೆಲ್ಲ ಪರೀಕ್ಷೆ ಕೊಟ್ಟಿದ್ದ ಮೇಷ್ಟ್ರು ಪರೀಕ್ಷೆ ಎಂಬ ಶಬ್ದ ಕೇಳಿದ್ದೇ ಕ್ಯಾಪು ಹುಡುಕುವುದನ್ನು ಬಿಟ್ಟರು. ಅವರು ಹೊರಗೆ ಹೋಗಿ ಹೆಂಡತಿಗೆ ಫೋನು ಮಾಡಿದರು.

"ಏನನ್ನೂ ಮುಟ್ಟಬೇಡಿ," ಎಂದರು ಹೆಂಡತಿ, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ. "ಯಾರು ಏನೇ ಹೇಳಲಿ, ಕೈ ಕಟ್ಕೊಂಡು ದೂರ ನಿಂತ್ಕೊಳ್ಳಿ. ವಾಷಿಂಗ್ ಮೆಶೀನ್ ನೆನಪಿದೆ ತಾನೆ?"

ಮೇಷ್ಟ್ರಿಗೆ ನೆನಪಿತ್ತು. ಕೆಳಗಿನ ಮನೆಯವರಿಗೂ ನೆನಪಿತ್ತು.

ಎರಡನೇ ಪೀರಿಯಡ್ಡಿನಲ್ಲಿ ಅವರು ಸ್ಮಾರ್ಟ್ ಕ್ಲಾಸಿನ ಕೋಣೆಗೆ ಹೋದಾಗ ಗುಮಾಸ್ತರು ಬೀಗದ ಕೈ ಗೊಂಚಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಶಾಲೆಯ ಸಾಮಾನಿನ ಪಟ್ಟಿಯೆಲ್ಲ ಅವರ ಉಸ್ತುವಾರಿ. ಬೋರ್ಡಿಗೆ ಅವರು ಹೊದಿಸಿದ್ದ ಬಟ್ಟೆಯನ್ನು ತೆಗೆದದ್ದು ಮದುಮಗಳ ಸೆರಗು ಸರಿಸುವಷ್ಟು ಮೆಲ್ಲಗೆ.

"ಬೆರಳು ತೊಳ್ಕೊಂಡ್ರಾ ಮೇಷ್ಟ್ರೇ? ಗೀರು ಬಿದ್ರೆ ನಾನು ಬರೆದು ಕೊಡ್ಬೇಕು."

ಕರೆಯದಿದ್ದರೂ ಡ್ರಿಲ್ ಮಾಸ್ಟರು ಹಿಂದೆಯೇ ಬಂದರು. ತಮ್ಮ ಸರದಿ ತಪ್ಪಿದ ಖುಷಿಯಲ್ಲಿ ಅವರಿಗೆ ಉಪಕಾರ ಮಾಡುವ ಉತ್ಸಾಹ ಉಕ್ಕಿ ಬಂದಿತ್ತು. "ಇದೇನು ಮಹಾ! ಕಂಪ್ಯೂಟರ್ ಟೀಚರು ಪಾಠ ಎಲ್ಲ ಹಾಕಿಟ್ಟಿದಾರೆ. ಅಗೋ ಜ್ವಾಲಾಮುಖಿ ಚಿತ್ರ. ಅದನ್ನ ಒತ್ತಿದ್ರೆ ತಾನೇ ಉರಿಯತ್ತೆ. ನೀವು ಪಕ್ಕದಲ್ಲಿ ನಿಂತು ಮಾತಾಡ್ತಾ ಇದ್ರಾಯ್ತು."

"ನನ್ನ ದನಿ ಸಣ್ಣದು. ಸಾಹೇಬರು ಹಿಂದಿನ ಬೆಂಚಲ್ಲಿ ಕೂತ್ರೆ ಕೇಳಿಸ್ಬೇಕಲ್ಲ."

"ಅದಕ್ಕೇ ಇಲ್ಲಿ ಮೈಕಿನ ಚಿತ್ರ ಇರೋದು," ಎಂದು ಡ್ರಿಲ್ ಮಾಸ್ಟರು ಮೂಲೆಯಲ್ಲಿದ್ದ ಗುರುತನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರು. ಗುಮಾಸ್ತರು ತಮ್ಮ ಕಣ್ಣಿಗೇ ಚುಚ್ಚಿದಂತೆ ಚೀರಿದರು. ಗಂಟೆ ಹೊಡೆಯಿತು. ಮಕ್ಕಳು ಬಂದರು. ಅವರ ಬೆನ್ನಿಗೇ ಹೆಡ್‌ಮಿಸ್ ಜೊತೆ ಸಾಹೇಬರೂ ಬಂದರು.

ಸಾಹೇಬರು ಎತ್ತರದ ಆಳು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಮುಖ. ಹೆಡ್‌ಮಿಸ್ ಏನು ಹೇಳಿದರೂ ತಲೆಯಾಡಿಸುತ್ತ ಬಂದು ಕೊನೆಯ ಬೆಂಚಿನಲ್ಲಿ ಕೂತು, ಕೈ ಕಟ್ಟಿ, ಬೋರ್ಡಿನ ಮೇಲೆ ಕಣ್ಣು ನೆಟ್ಟರು.

ಮೇಷ್ಟ್ರು ದೇವರ ಮೇಲೆ ಭಾರ ಹಾಕಿ ಚಿತ್ರ ಒತ್ತಿದರು. ಬೋರ್ಡಿನ ಎಡಗಡೆ ಬೆಟ್ಟ ನಿಂತಿತು, ಹೊಗೆಯೂ ಎದ್ದಿತು. ಅಬ್ಬ ಎಂದುಕೊಂಡು ಗಂಟಲು ಸರಿಮಾಡಿಕೊಂಡರು.

ಬೋರ್ಡಿನ ಬಲಗಡೆ ದಪ್ಪ ಅಕ್ಷರದಲ್ಲಿ ಮೂಡಿತು: ಅಕ್ಕಾ ಅಕ್ಕಾ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರ್ಡಿಗೆ ಬೆನ್ನು ಮಾಡಿದ್ದ ಮೇಷ್ಟ್ರಿಗೆ ಅದು ಕಾಣಲಿಲ್ಲ. "ಮಕ್ಕಳೇ, ಭೂಮಿಯ ಹೊಟ್ಟೆಯೊಳಗೆ ಸದಾ ಕುದಿಯುವ ದ್ರವ ಇರುತ್ತೆ. ಅದನ್ನ ಶಿಲಾಪಾಕ ಅಂತಾರೆ," ಎಂದು ಶುರುಮಾಡಿದರು.

ಬೋರ್ಡು ಬರೆಯಿತು: ಮಕ್ಕಳೇ ಭೂಮಿಯ ಹೊಟ್ಟೆಯೊಳಗೆ ಸದಾ ಕುಡಿಯುವ ದ್ರವ ಇರುತ್ತೆ ಅದನ್ನು ಶೀಲಾ ಪಾಕ ಅಂತಾರೆ.

ಕ್ಲಾಸು ಗೊಳ್ಳೆಂದಿತು. ಮೊದಲ ಬೆಂಚಿನ ಎರಡು ಜಡೆಯ ಹುಡುಗಿ ಕೈಯೆತ್ತಿದಳು. "ಸಾರ್, ಶೀಲಾ ಯಾರು ಸಾರ್?"

"ಯಾವ ಶೀಲಾ?" ಎಂದು ಮೇಷ್ಟ್ರು ತಿರುಗಿದರು. ತಿರುಗಿದವರ ಎದುರಿಗೇ ಬೋರ್ಡು ಬರೆಯಿತು: ಯಾವ ಶೀಲಾ.

ಡ್ರಿಲ್ ಮಾಸ್ಟರು ಒತ್ತಿದ್ದು ದನಿ ದೊಡ್ಡದು ಮಾಡುವ ಮೈಕಲ್ಲ, ಆಡಿದ್ದನ್ನು ಕೇಳಿಸಿಕೊಂಡು ಬರೆಯುವ ಮೈಕು ಎಂದು ಮೇಷ್ಟ್ರಿಗೆ ಆಗ ಹೊಳೆಯಿತು. ಹೊಳೆದದ್ದರಿಂದ ಪ್ರಯೋಜನವೇನೂ ಆಗಲಿಲ್ಲ. ಮೂಲೆಯಲ್ಲಿದ್ದ ಗುರುತು ಈಗ ಎಲ್ಲೋ ಮಾಯವಾಗಿತ್ತು. ಅಲ್ಲಿ ಒತ್ತಿದರು, ಅಕ್ಷರ ದಪ್ಪವಾಯಿತು. ಇಲ್ಲಿ ಒತ್ತಿದರು, ಜ್ವಾಲಾಮುಖಿ ತಲೆಕೆಳಗಾಯಿತು. "ಅಯ್ಯೋ ನಿಲ್ಲೋ ಮಾರಾಯ" ಎಂದರು. ಅಯ್ಯೋ ನಿಲ್ಲೋ ಮಾರಾಯ ಎಂದು ಬೋರ್ಡು ವಿನಯದಿಂದ ಬರೆದುಕೊಂಡಿತು.

ಗಾಬರಿಯಾದಾಗ ಮನುಷ್ಯನ ಕೈ ತನ್ನ ಹಳೆಯ ಗೆಳೆಯನನ್ನೇ ಹುಡುಕುತ್ತದೆ. ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದು, ತಪ್ಪು ಶಬ್ದದ ಮೇಲೆ ಗೀಟು ಎಳೆಯಹೋದರು. ಕಿಟಕಿಯಾಚೆ ಗುಮಾಸ್ತರ ಮುಖ ಕಾಣಿಸಿತು. "ಮೇಷ್ಟ್ರೇ! ಗಾಜು! ಗಾಜು!" ಬೋರ್ಡು ಅದನ್ನೂ ಬಿಡಲಿಲ್ಲ: ಮೇಷ್ಟ್ರೇ ಗಾಂಜಾ ಗಾಂಜಾ.

ಹೆಡ್‌ಮಿಸ್ ತಡೆಯಲಾರದೆ ಮುಂದೆ ಬಂದರು. ಸಾಹೇಬರ ಕಡೆ ಒಂದು ನಗೆ ಬೀರಿ, ಮೇಷ್ಟ್ರ ಕಿವಿಯ ಬಳಿ ಬಾಗಿ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು. ಪಾಠವನ್ನು ತಪ್ಪುತಪ್ಪಾಗಿ ಕೇಳಿಸಿಕೊಂಡಿದ್ದ ಬೋರ್ಡು, ಪಿಸುಮಾತೆಂದರೆ ಮೈಯೆಲ್ಲ ಕಿವಿಯಾಗುವ ಪಕ್ಕದ ಮನೆಯವರ ಹಾಗೆ, ಒಂದಕ್ಷರವನ್ನೂ ಬಿಡದೆ ಬರೆಯಿತು: ಆ ದರಿದ್ರದ್ದನ್ನ ಮೊದಲು ಆರಿಸ್ರೀ ಸಾಹೇಬರು ಕಲ್ಲುಕಂಬದ ಹಾಗೆ ಕೂತಿದಾರೆ ಅರ್ಥ ಆಗ್ತಿದೆಯೋ ಇಲ್ಲವೋ ದೇವರೇ ಬಲ್ಲ.

ತಾವು ಆಡಿದ್ದನ್ನು ತಾವೇ ಓದಿದ ಹೆಡ್‌ಮಿಸ್ ಬಿಳಿಚಿಕೊಂಡರು. ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯುದ್ದಕ್ಕೂ ಜರುಗುತ್ತ ಬಾಗಿಲು ಸೇರಿದರು. ಸಾಹೇಬರು ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ಅವರ ತುಟಿಗಳು ಸಣ್ಣಗೆ ಅಲ್ಲಾಡುತ್ತಿದ್ದವು. ಬೈಗುಳ ಪೋಣಿಸುತ್ತಿದ್ದಾರೆ ಎಂದುಕೊಂಡರು ಮೇಷ್ಟ್ರು.

ಇನ್ನು ಮುಳುಗಿದವನಿಗೆ ಚಳಿಯೇನು ಎಂದು ಅವರು ಸೀಮೆಸುಣ್ಣ ಜೇಬಿಗೆ ಹಾಕಿದರು. ಹೇಗೂ ತರಬೇತಿ ಗಟ್ಟಿಯಾಗಿತ್ತು. ಉಳಿದ ಅರ್ಧ ಗಂಟೆಯಾದರೂ ಪಾಠ ಮಾಡಿಬಿಡೋಣ ಎನಿಸಿತು.

"ಸುತ್ತ ಹತ್ತಾರು ಮೈಲಿ ಬೂದಿ ಬೀಳುತ್ತೆ," ಎಂದರು.

ಸುತ್ತ ಹತ್ತಾರು ಮೈಲಿ ಬುದ್ಧಿ ಬೀಳುತ್ತೆ ಎಂದಿತು ಬೋರ್ಡು.

"ಬುದ್ಧಿ ಅಲ್ಲ ಸಾರ್, ಬೂದಿ!" ಎಂದು ಇಡೀ ಕ್ಲಾಸು ಕೂಗಿತು.

"ಹೌದಾ? ಬೂದಿ ಅಂದ್ರೇನು? ಎಲ್ಲಿಂದ ಬರುತ್ತೆ ಹೇಳು ನೋಡೋಣ."

ಎರಡು ಜಡೆಯ ಹುಡುಗಿ ಎದ್ದು ನಿಂತು, ಬೋರ್ಡಿಗೆ ತಿಳಿಯುವ ಹಾಗೆ ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. ಬೋರ್ಡು ಸರಿಯಾಗಿ ಬರೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ನಾನು ನಾನು ಎಂದು ಪೈಪೋಟಿಯೇ ಶುರುವಾಯಿತು. ಎಲ್ಲಿ ತಪ್ಪು ಬೀಳುತ್ತದೆ ಎಂದು ಇಪ್ಪತ್ತೆಂಟು ಜೊತೆ ಕಣ್ಣು ಹದ್ದಿನ ಹಾಗೆ ಕಾದವು. ಶಿಲಾಪಾಕ ಎಂದು ಬೋರ್ಡಿನಿಂದ ಬರೆಸುವಷ್ಟರಲ್ಲಿ ಆ ಶಬ್ದವನ್ನು ಕ್ಲಾಸಿನಲ್ಲಿ ಯಾರೂ ಜನ್ಮದಲ್ಲಿ ಮರೆಯುವಂತಿರಲಿಲ್ಲ. ಮೇಷ್ಟ್ರೂ ಹೆದರಿಕೆ ಮರೆತು ಅಂಗಿಯ ತೋಳು ಮಡಚಿದರು. ಇಷ್ಟು ಗಲಾಟೆಯ, ಇಷ್ಟು ಗಮನದ ಕ್ಲಾಸು ಅವರಿಗೆ ಸಿಕ್ಕಿ ಎಷ್ಟೋ ವರ್ಷಗಳಾಗಿದ್ದವು. ಗಂಟೆ ಹೊಡೆದಾಗ ಅವರಿಗೇ ಬೇಸರವಾಯಿತು.

ಮಕ್ಕಳು ಹೊರಗೆ ಓಡಿದ ಮೇಲೆ ಹೆದರಿಕೆ ಬಡ್ಡಿ ಸಮೇತ ವಾಪಸು ಬಂತು. ಸಾಹೇಬರು ಹೆಡ್‌ಮಿಸ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹತ್ತು ನಿಮಿಷದ ಮೇಲೆ ಕಾಗದವೊಂದನ್ನು ಮಡಚುತ್ತ ಹೊರಬಂದು, ನೇರವಾಗಿ ಮತ್ತೆ ಸ್ಮಾರ್ಟ್ ಕ್ಲಾಸಿಗೆ ನಡೆದರು. ಮೇಷ್ಟ್ರು ಇನ್ನೂ ಅಲ್ಲೇ, ಶಿಕ್ಷೆಗೆ ಕಾಯುವ ಹುಡುಗನಂತೆ ಬೋರ್ಡಿನ ಪಕ್ಕ ನಿಂತಿದ್ದರು.

"ಸಾರ್, ತಪ್ಪಾಯ್ತು," ಎಂದರು ಮೇಷ್ಟ್ರು. "ಆ ಕಲ್ಲುಕಂಬದ ಮಾತು ಬಾಯಿತಪ್ಪಿ ಬಂದದ್ದು. ದಯವಿಟ್ಟು ಕ್ಷಮಿಸಿ."

ಸಾಹೇಬರು ಅವರ ಮುಖ ನೋಡಲಿಲ್ಲ. ಅವರ ಹೆಗಲಿನಾಚೆ ಬೋರ್ಡಿನಲ್ಲಿ ಮೂಡುತ್ತಿದ್ದ ಸಾಲನ್ನು ಕೊನೆಯವರೆಗೆ ಓದಿ, ಆಮೇಲೆ ನಕ್ಕರು.

"ಕ್ಷಮೆ ಯಾಕೆ ಮೇಷ್ಟ್ರೇ? ಬೆನ್ನ ಹಿಂದೆ ಜನ ನನ್ನ ಬಗ್ಗೆ ಏನು ಮಾತಾಡ್ತಾರೆ ಅಂತ ಆರು ವರ್ಷದಲ್ಲಿ ಇವತ್ತೇ ಗೊತ್ತಾಗಿದ್ದು."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಸಾಹೇಬರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಿಮ್ಮೊಬ್ಬರಿಗೇ ಹೇಳ್ತಿದೀನಿ. ನನಗೆ ಕಿವಿ ಕೇಳಿಸಲ್ಲ. ಎರಡೂ. ಯಂತ್ರ ಹಾಕ್ಕೊಂಡ್ರೆ ಕಚೇರಿಗೆಲ್ಲ ಗೊತ್ತಾಗತ್ತೆ, ಒಂದು ಮೂಲೇಲಿ ಕೂರಿಸಿ ಫೈಲು ಕೊಡ್ತಾರೆ. ನನಗೆ ಶಾಲೆ ಸುತ್ತೋದು ಇಷ್ಟ. ಅದಕ್ಕೆ ಹೋದಲ್ಲೆಲ್ಲ ತಲೆಯಾಡಿಸ್ಕೊಂಡು ಬರ್ತೀನಿ. ನೂರಾರು ಪಾಠ ನೋಡಿದೀನಿ, ಒಂದೂ ಕೇಳಿಲ್ಲ. ಇವತ್ತು ಮೊದಲನೇ ಸಲ ಒಂದು ಪಾಠ ಪೂರ್ತಿ ಗೊತ್ತಾಯ್ತು. ಓದಿ ಓದಿ ಹೊಟ್ಟೆ ಹುಣ್ಣಾಗೋ ಹಾಗೆ ನಗು ಬಂದಿತ್ತು, ತಡ್ಕೊಂಡು ಕೂತಿದ್ದೆ." ಅವರ ಕಣ್ಣು ತೇವವಾಗಿತ್ತು. "ಆ ಶೀಲಾ ಯಾರು ಅನ್ನೋದೊಂದು ಮಾತ್ರ ತುಂಬ ಹೊತ್ತು ತಲೆ ತಿಂತು."

ಮೇಷ್ಟ್ರ ಎದೆ ಹಗುರಾಯಿತು. "ಸಾರ್, ಇದು ನನ್ನ ಬಾಯಿಂದ ಯಾರಿಗೂ ಹೋಗಲ್ಲ. ನನ್ನ ಹೆಂಡ್ತಿಗೂ ಹೇಳಲ್ಲ. ಆಣೆ," ಎಂದರು.

ಬೋರ್ಡಿನಲ್ಲಿ ಮೂಡಿದ ಆಣೆಯನ್ನು ಓದಿ ಸಾಹೇಬರು ಅವರ ಕೈ ಕುಲುಕಿದರು. ತರಬೇತಿ ತಪ್ಪಿತು, ನಾಳೆಯಿಂದ ಕರೀ ಹಲಗೆ ಎಂದು ಮೇಷ್ಟ್ರ ಮನಸ್ಸು ಕುಣಿಯಿತು. ಅಷ್ಟರಲ್ಲಿ ಗುಮಾಸ್ತರು ಒಳಗೆ ಬಂದು, ಗಾಜಿಗೆ ಗೀರು ಬಿದ್ದಿದೆಯೇ ಎಂದಷ್ಟೇ ನೋಡಿ, ಗೋಡೆಯ ಸ್ವಿಚ್ಚು ಆರಿಸಿ, ಬೋರ್ಡಿಗೆ ಬಟ್ಟೆ ಹೊದಿಸಿ ಗಂಟು ಹಾಕಿದರು.

ಸಾಹೇಬರು ವರಾಂಡಕ್ಕೆ ಬಂದು, ಜೇಬಿನಿಂದ ಆ ಕಾಗದ ತೆಗೆದು ಮೇಷ್ಟ್ರ ಕೈಗಿಟ್ಟರು. "ಇಂಥ ಪಾಠ ಒಂದೇ ಶಾಲೇಲಿ ಕೊಳೀಬಾರ್ದು. ಸೋಮವಾರದಿಂದ ನೀವು ತಾಲೂಕಿನ ನಲವತ್ತು ಶಾಲೆಗೂ ಹೋಗಿ ಸ್ಮಾರ್ಟ್ ಬೋರ್ಡಲ್ಲಿ ಪಾಠ ಮಾಡೋದು ಹೇಗೆ ಅಂತ ಮೇಷ್ಟ್ರುಗಳಿಗೆಲ್ಲ ಹೇಳಿಕೊಡ್ಬೇಕು. ನೀವು ರಿಟೈರ್ ಆಗೋವರೆಗೂ ಇದೇ ಕೆಲಸ. ಸಹಿ ಹಾಕಿಯಾಗಿದೆ."

"ಸಾರ್, ಬೇಡ ಸಾರ್! ನನಗೆ ಏನೂ ಬರಲ್ಲ! ಅದನ್ನ ಆನ್ ಮಾಡೋದು ಹೇಗೆ ಅಂತಾನೂ ಗೊತ್ತಿಲ್ಲ! ಕೈ ಮುಗೀತೀನಿ, ನನ್ನ ಬಿಟ್ಬಿಡಿ!" ಎಂದು ಮೇಷ್ಟ್ರು ನಿಜವಾಗಿಯೂ ಕೈ ಮುಗಿದರು.

"ಇರಲಿ, ಇರಲಿ," ಎಂದು ಸಾಹೇಬರು ಆ ಮುಗಿದ ಕೈಗಳನ್ನು ಪ್ರೀತಿಯಿಂದ ತಟ್ಟಿದರು. "ಅಷ್ಟೆಲ್ಲ ಹೊಗಳಬೇಡಿ, ನಾಚಿಕೆಯಾಗತ್ತೆ."

ಮೇಷ್ಟ್ರು ಮೆಟ್ಟಿಲಿನವರೆಗೂ ಬೇಡ ಬೇಡ ಎನ್ನುತ್ತ ಹಿಂಬಾಲಿಸಿದರು. ಸಾಹೇಬರು ಪ್ರತಿಯೊಂದಕ್ಕೂ ತಲೆಯಾಡಿಸುತ್ತ ಕಾರು ಹತ್ತಿದರು. ಬರೆದು ತೋರಿಸಬಹುದಿತ್ತು ಎಂದು ಮೇಷ್ಟ್ರಿಗೆ ಹೊಳೆಯುವಷ್ಟರಲ್ಲಿ ಕಾರು ಗೇಟು ದಾಟಿತ್ತು.

ಸ್ಟಾಫ್ ರೂಮಿನವರೆಲ್ಲ ಸುತ್ತ ನೆರೆದರು. ಹೆಡ್‌ಮಿಸ್ ಆದೇಶವನ್ನು ಎರಡು ಸಲ ಓದಿ ನಿಟ್ಟುಸಿರಿಟ್ಟರು. "ನಿಮ್ಮನ್ನ ಕಳಿಸೋಕೆ ನನಗೂ ಇಷ್ಟ ಇಲ್ಲ ಮೇಷ್ಟ್ರೇ. ನನಗಂತೂ ಆ ಕಲ್ಲುಕಂಬದ ಮಾತಾದ ಮೇಲೆ ಬಾಯಿ ಬಿಡೋ ಮುಖ ಇರಲಿಲ್ಲ. ನೀವು ಎದುರಿಗೇ ನಿಂತಿದ್ರಲ್ಲ. ಬೇಡ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

ಮೇಷ್ಟ್ರು ಬಾಯಿ ತೆರೆದರು. ಕೊಟ್ಟ ಆಣೆ ನಾಲಿಗೆಯ ಮೇಲೆ ಕೂತಿತ್ತು.

"ಹೇಳಿದೆ ಮೇಡಂ," ಎಂದರು ಸಣ್ಣ ದನಿಯಲ್ಲಿ. "ಜೋರಾಗೇ ಹೇಳಿದೆ."