ಡ್ರಾಯಿಂಗ್ ಪ್ರಕಾರ ನವಿಲು

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಡ್ರಾಯಿಂಗ್ ಬರೆಯುತ್ತಿದ್ದ ಬೊಮ್ಮಣ್ಣ ಎಳೆದ ಗೆರೆಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದ್ದರೆ, ಹರಿಹರದ ಅವನ ಮನೆಯಿಂದ ಚಂದ್ರನವರೆಗೆ ಹೋಗಿ, ಅಲ್ಲೊಂದು ಲೋಟ ಚಹಾ ಕುಡಿದು ವಾಪಸ್ ಬರಬಹುದಿತ್ತು. ಆದರೂ ನಿವೃತ್ತಿಯಾಗುವವರೆಗೆ ಅವನ ಹೆಸರು ಡ್ರಾಯಿಂಗಿನ ಮೂಲೆಯ ಮೂರು ಚೌಕಗಳಲ್ಲಿ ಮೊದಲನೆಯದನ್ನು ದಾಟಲಿಲ್ಲ. ‘ಬರೆದವರು: ಬೊಮ್ಮಣ್ಣ’. ‘ತಪಾಸಣೆ ಮಾಡಿದವರು’ ಯಾರೋ, ‘ಒಪ್ಪಿಗೆ ಕೊಟ್ಟವರು’ ಇನ್ಯಾರೋ. ಈ ಕೊರಗು ಅವನ ಹೊಟ್ಟೆಯಲ್ಲಿ ಖಾಲಿ ಹೊಟ್ಟೆಗೆ ತಿಂದ ಮೆಣಸಿನಕಾಯಿಯಂತೆ ಉರಿಯುತ್ತಲೇ ಇತ್ತು.

ಮಗಳು ಶಾಂತಲಾಳ ನಿಶ್ಚಿತಾರ್ಥ ಹತ್ತಿರ ಬಂದಾಗ ಅದಕ್ಕೆ ಮದ್ದು ಸಿಕ್ಕಿತು. ಬೀಗರು ಭಾನುವಳ್ಳಿಯವರು. ಹುಡುಗ ಬಂಗಾರ, ಅವನ ತಂದೆತಾಯಿ ಬೆಳ್ಳಿ. ಆದರೆ ಅಜ್ಜಿ ಅಂಜಿನವ್ವ ಮಾತ್ರ ಎಲ್ಲರನ್ನೂ ಒರೆಗೆ ಹಚ್ಚುವ ಕಲ್ಲು. (ಹಿಂದೊಮ್ಮೆ ಯಾರದೋ ಮನೆಯ ನಿಶ್ಚಿತಾರ್ಥದ ತಟ್ಟೆಯಲ್ಲಿ ಸಕ್ಕರೆ ಅಚ್ಚಿನ ಮೂಗು ಮುರಿದಿತ್ತೆಂದು ಸಂಬಂಧವನ್ನೇ ಮುರಿದವಳು ಎಂಬ ಪ್ರತೀತಿ.) ಆಕೆಯ ಭಯಕ್ಕೆ ಬೊಮ್ಮಣ್ಣನ ಹೆಂಡತಿ ಲಕ್ಷ್ಮೀದೇವಿ ಫೋನಿನಲ್ಲಿ ಬಾಯಿ ಜಾರಿ ಮಾತು ಕೊಟ್ಟಿದ್ದಳು.

“ತಟ್ಟೆಗೊಂದೊಂದು ಕಾಗದದ ನವಿಲು ಇಡ್ತೀವಿ ಅಂದ್‌ಬಿಟ್ಟೀನ್ರೀ. ಅಜ್ಜಿ ‘ನೋಡಾಣ’ ಅಂದು ಫೋನ್ ಇಟ್ರು. ಈಗ ಮಡಚೋರು ಯಾರು?”

“ಮಡಚೋರು ಯಾರಾದ್ರೂ ಆಗ್ಲಿ. ಡ್ರಾಯಿಂಗ್ ನಂದು,” ಎಂದ ಬೊಮ್ಮಣ್ಣ.

ಇಂಟರ್ನೆಟ್ಟಿನಲ್ಲಿ ಯಾರೋ ಜಪಾನಿನವನು ನವಿಲು ಮಡಚುವ ಚಿತ್ರ ಹಾಕಿದ್ದ. ಗೇರ್‌ಬಾಕ್ಸ್ ಬರೆಯುತ್ತಿದ್ದ ಹಳೆಯ ಸಾಫ್ಟ್‌ವೇರಿನಲ್ಲಿ ಬೊಮ್ಮಣ್ಣ ಅದನ್ನು ಅಚ್ಚುಕಟ್ಟಾಗಿ ಬರೆಯಲು ಕೂತ. ಕೂತವನು ಗಕ್ಕನೆ ನಿಂತ.

“ಇವನಿಗೆ ಡ್ರಾಯಿಂಗೇ ಬರಲ್ಲ ಕಣೆ. ಗೆರೆ-ಚುಕ್ಕಿ, ಗೆರೆ-ಚುಕ್ಕಿ ಅಂದ್ರೆ ಸೆಂಟರ್ ಲೈನು. ಇವನು ನೋಡಿದಲ್ಲೆಲ್ಲ ಎಳದಾನೆ. ಒಂದು ನವಿಲಿಗೆ ಎಷ್ಟು ಸೆಂಟರ್ ಇರ್ತಾವೆ?”

“ಅವನು ಮಡಚಿದ್ದು ನವಿಲಾಗೈತಲ್ರೀ.”

“ಅದೃಷ್ಟ,” ಎಂದು ಬೊಮ್ಮಣ್ಣ ತಿದ್ದುಪಡಿಗೆ ಇಳಿದ. ಕಾಗದ ಮಡಚುವವರ ಲೋಕದಲ್ಲಿ ಗೆರೆ-ಚುಕ್ಕಿ ಎಂದರೆ ಹಿಂದಕ್ಕೆ ಮಡಚು, ಬರೀ ತುಂಡು ಗೆರೆ ಎಂದರೆ ಮುಂದಕ್ಕೆ ಮಡಚು ಎಂಬ ಸಂಗತಿ ಅವನಿಗೆ ಗೊತ್ತಿರಲಿಲ್ಲ. ನಟ್ಟನಡುವಿನ ಒಂದೇ ಒಂದು ಗೆರೆ-ಚುಕ್ಕಿ ಉಳಿಸಿ, ಮಿಕ್ಕಿದ್ದನ್ನೆಲ್ಲ ತುಂಡು ಗೆರೆ ಮಾಡಿದ. ಮೂಲೆಯ ಮೂರೂ ಚೌಕಗಳಲ್ಲಿ ತನ್ನದೇ ಹೆಸರು ತುಂಬಿದ. ಬರೆದವರು ಬೊಮ್ಮಣ್ಣ, ತಪಾಸಣೆ ಬೊಮ್ಮಣ್ಣ, ಒಪ್ಪಿಗೆ ಬೊಮ್ಮಣ್ಣ. ಆ ಕ್ಷಣದಲ್ಲಿ ಆಕಾಶದಿಂದ ಹೂಮಳೆ ಸುರಿಯದಿದ್ದುದು ದೇವತೆಗಳ ಮರೆವು ಅಷ್ಟೇ.

ಪ್ರಿಂಟಿಗೆ ಮನೆಯ ಪ್ರಿಂಟರು ಸಾಲದೆಂದು ದಾವಣಗೆರೆಗೆ ಹೋದ. ಮನೆಯ ನಕ್ಷೆಗಳನ್ನು ಪ್ರಿಂಟ್ ಹಾಕುವ ಅಂಗಡಿಯವನು ಕೇಳಿದ:

“ಯಾವ ಬಿಲ್ಡಿಂಗ್ ಸರ್?”

“ನವಿಲು.”

“ಹೆಸರು ಚಲೋ ಐತೆ. ಎಷ್ಟು ಫ್ಲೋರು?”

ಜಮಖಾನೆಯಷ್ಟು ದೊಡ್ಡ ಹಾಳೆ ಮನೆಗೆ ಬಂತು. ನಿಶ್ಚಿತಾರ್ಥದ ಹಿಂದಿನ ದಿನ ಓಣಿಯ ಹೆಂಗಸರು ಅದನ್ನು ನೆಲಕ್ಕೆ ಹಾಸಿ, ಸುತ್ತ ಕೂತು, ನೀಲಿ ಕಾಗದ ಹಿಡಿದು ಮಡಚತೊಡಗಿದರು. ನಡುವೆ ಹಸಿವಾಯಿತೆಂದು ಖಾರಾ ಮಂಡಕ್ಕಿಯನ್ನು ಹಾಳೆಯ ಮೂಲೆಗೇ ಸುರಿದುಕೊಂಡರು, ಸರಿಯಾಗಿ ಆ ಮೂರು ಚೌಕಗಳ ಮೇಲೆ.

ಸಂಜೆಯ ಹೊತ್ತಿಗೆ ಲಕ್ಷ್ಮೀದೇವಿ ಒಂದನ್ನು ಎತ್ತಿ ಹಿಡಿದಳು.

“ಏನ್ರೀ ಇದು?”

“ನವಿಲು. ಡ್ರಾಯಿಂಗ್ ಪ್ರಕಾರ ಐತೆ.”

“ನಾಲ್ಕು ಕಾಲು ಅದಾವೆ.”

“ಎರಡು ಹೆಚ್ಚಿಗೆ ಬಂದಾವೆ ಅಷ್ಟೇ. ಕಡಿಮೆ ಬಿದ್ದಿದ್ರೆ ಚಿಂತೆ.”

“ಗರಿ ಎಲ್ಲೈತೆ?”

ಗರಿ ಬಿಚ್ಚಿಕೊಳ್ಳಬೇಕಾದ ಜಾಗದಲ್ಲಿ ಬೆನ್ನ ಮೇಲೊಂದು ಗುಡ್ಡ ಎದ್ದಿತ್ತು. ಜುಟ್ಟು ಎರಡಾಗಿ ಸೀಳಿ ನಿಂತಿತ್ತು. ನೀಲಿ ಕಾಗದವೆಲ್ಲ ಮುಗಿದಿತ್ತು. ಶಾಂತಲಾ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬೊಮ್ಮಣ್ಣನಿಗೆ ಹೆಂಡತಿಯ ಬೈಗುಳಕ್ಕಿಂತ ಆ ಬಾಗಿಲೇ ಹೆಚ್ಚು ಕೇಳಿಸಿತು.

ಮರುದಿನ ಬೀಗರು ಬಂದರು. “ಬರ್ರಿ, ಕೂಡ್ರಿ” ಎಲ್ಲ ಆಯಿತು. ಇಡ್ತೀವಿ ಅಂದದ್ದನ್ನು ಇಡದಿದ್ದರೆ ಇನ್ನೂ ಕಷ್ಟವೆಂದು, ಆ ನೀಲಿ ಪ್ರಾಣಿಗಳನ್ನೇ ತಟ್ಟೆಗೊಂದರಂತೆ ನಿಲ್ಲಿಸಿದ್ದರು. ಅಂಜಿನವ್ವ ಒಂದನ್ನು ಅಂಗೈ ಮೇಲಿಟ್ಟು, ಕನ್ನಡಕ ಏರಿಸಿ, ತಿರುಗಿಸಿ ನೋಡಿದಳು. ಫ್ಯಾನು ಕೂಡ ಉಸಿರು ಬಿಗಿಹಿಡಿದಂತಾಯಿತು.

“ಯಾರು ಮಾಡಿದ್ದು ಇದನ್ನ?”

ಮೂರು ಚೌಕಗಳ ಸಾರ್ವಭೌಮ ಕಂಬದ ಹಿಂದಕ್ಕೆ ಸರಿದ. “ನಾನು ಬರೀ ಗೆರೆ ಎಳದೀನವ್ವ,” ಎಂದ, “ತಪಾಸಣೆ, ಒಪ್ಪಿಗೆ ಎಲ್ಲಾ ಇಕಿದೇ.”

ಲಕ್ಷ್ಮೀದೇವಿ ಗಂಡನನ್ನು ನೋಡಿದ ನೋಟಕ್ಕೆ ತಟ್ಟೆಯ ತೆಂಗಿನಕಾಯಿ ತಾನಾಗಿಯೇ ಒಡೆಯಬೇಕಿತ್ತು.

“ಬಾರವ್ವ ಇಲ್ಲಿ,” ಎಂದು ಅಜ್ಜಿ ಅವಳ ಕೈ ಹಿಡಿದಳು. “ನವಿಲು ಅಂದಿದ್ದಿ ಫೋನಿನಾಗೆ. ನವಿಲು ತಗಂಡು ಒಕ್ಕಲುತನದೋರು ಏನ್ ಮಾಡಾಣ? ಬಿತ್ತಿದ ಕಾಳು ತಿಂದು ಹೋಗ್ತಾವೆ. ಈ ಎತ್ತು ನೋಡು. ಡುಬ್ಬ ನೋಡು, ಕೋಡು ನೋಡು. ಬಣ್ಣ ಬ್ಯಾರೆ, ಕಾರಹುಣ್ಣಿಮೆಗೆ ಬಳದಂಗೈತೆ. ನಮ್ಮನೆ ಮನಸ್ಸು ನಿನಗೆ ಹೆಂಗೆ ತಿಳೀತವ್ವ?”

“ಹಂಗೇ ತಿಳೀತು ಅಜ್ಜಿ,” ಎಂದಳು ಲಕ್ಷ್ಮೀದೇವಿ, ಕಣ್ಣು ಪಿಳುಕಿಸದೆ.

ಬೊಮ್ಮಣ್ಣ ಕಂಬದ ಹಿಂದಿನಿಂದ ಈಚೆ ಬಂದು, “ವಿಷಯ ಏನಪ್ಪಾ ಅಂದ್ರೆ, ಆ ಡ್ರಾಯಿಂಗು...” ಎಂದು ಶುರುಮಾಡಿದ.

“ಗೆರೆ ಎಳದೀರಿ, ಗೊತ್ತಾತು. ಕೂಡ್ರಿ,” ಎಂದಳು ಅಜ್ಜಿ.

ಉಂಗುರ ಬದಲಾದವು. ಶಾಂತಲಾ ನಕ್ಕಳು. ಆ ನಗು ಕಂಡ ಮೇಲೆ ಬೊಮ್ಮಣ್ಣನ ಎದೆಯ ಮೇಲಿದ್ದ ಗೇರ್‌ಬಾಕ್ಸೊಂದು ಇಳಿಯಿತು. ಹೊರಡುವಾಗ ಅಂಜಿನವ್ವ ಹೇಳಿದಳು: “ಒಂಟಿ ಎತ್ತು ಏನ್ ಉಳುತೈತೆ? ಮದುವಿಗೆ ಜೋಡೆತ್ತು ಇಡ್ರಿ, ನೊಗದ ಸಮೇತ.”

ಬೊಮ್ಮಣ್ಣ ಮತ್ತೆ ಕಂಪ್ಯೂಟರಿನ ಮುಂದೆ ಕೂತ. ಬಾಲ ಗಿಡ್ಡವಾಯಿತು, ನೊಗ ಸೊಟ್ಟಗಾಯಿತು, ಎಡದ ಎತ್ತು ಸೊರಗಿದಂತಿದೆ ಎಂದು ಲಕ್ಷ್ಮೀದೇವಿ ಡ್ರಾಯಿಂಗನ್ನು ವಾಪಸ್ ಕಳಿಸುತ್ತಲೇ ಇದ್ದಳು. ಕಾರ್ಖಾನೆಯ ಮ್ಯಾನೇಜರುಗಳೆಲ್ಲ ಈಗ ಅವನ ಕಣ್ಣಿಗೆ ಸಾಧುಸಂತರಂತೆ ಕಂಡರು. ಕೊನೆಗೊಮ್ಮೆ ಅವಳು ಒಪ್ಪಿಗೆಯ ಚೌಕದಲ್ಲಿ ಪೆನ್ನಿನಿಂದ ಸಹಿ ಮಾಡಿದಳು.

“ತಪಾಸಣೆ ಚೌಕ ಖಾಲಿ ಐತಲ್ಲ,” ಎಂದ ಬೊಮ್ಮಣ್ಣ ಮೆಲ್ಲಗೆ, “ಅಲ್ಲಾದ್ರೂ ನನ್ನ ಹೆಸರು ಹಾಕ್ಲೇನು?”

“ಬ್ಯಾಡ. ಅದು ಅಂಜಿನವ್ವನದು. ಬೆಳಿಗ್ಗೆ ಭಾನುವಳ್ಳಿ ಬಸ್ ಹತ್ತಿ, ತೋರಿಸ್ಕೊಂಡು ಬರ್ರಿ.”

ಬೊಮ್ಮಣ್ಣ ಹಾಳೆಯನ್ನು ಸುರುಳಿ ಸುತ್ತಿ, ಬಾಗಿಲ ಪಕ್ಕ ಚಪ್ಪಲಿಯ ಹತ್ತಿರ ಒರಗಿಸಿಟ್ಟ.